ಅಗ್ಗದ ಯುದ್ಧ ಯಾರಿಗೆ ಅಗ್ಗ?

ನಮ್ಮ ಐಟಿ ಮಂದಿಯ ಹತ್ತಿರ ಉಕ್ರೇನ್ ಯುದ್ಧದ ಮಾತೆತ್ತಿ ನೋಡಿ. ಎರಡೇ ನಿಮಿಷಕ್ಕೆ ಮಾತು ಡ್ರೋನಿಗೆ ಬಂದು ನಿಲ್ಲುತ್ತೆ. 40 ಸಾವಿರ ರೂಪಾಯಿಯ ಡ್ರೋನು ಹತ್ತಾರು ಕೋಟಿಯ ಟ್ಯಾಂಕನ್ನು ಸುಟ್ಟು ಹಾಕಿದ ವಿಡಿಯೋ ಗ್ರೂಪಿಗೆ ಬರುತ್ತೆ. ನಾಲ್ಕು ಜನ ಬೆಂಕಿ ಎಮೋಜಿ ಹಾಕ್ತಾರೆ, ಐದನೆಯವನು 'ಏನ್ ಆರ್‌ಒಐ ಗುರೂ' ಅಂತಾನೆ. 2025ರ ಜೂನ್ 1ರಂದು ಉಕ್ರೇನಿನವರು 117 ಡ್ರೋನ್‌ಗಳನ್ನು ಲಾರಿಗಳ ಮೇಲಿನ ಮರದ ಶೆಡ್ಡುಗಳಲ್ಲಿ ಅಡಗಿಸಿ ರಷ್ಯಾದೊಳಗೆ ಸಾಗಿಸಿ, ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರ್ ವಿಮಾನಗಳನ್ನು ಹೊಡೆದರಲ್ಲ, ಆಗಂತೂ ಕೇಳೋದೇ ಬೇಡ. ಅದರಲ್ಲಿ ಬಳಕೆಯಾದದ್ದು ಆರ್ಡುಪೈಲಟ್, ಹವ್ಯಾಸಿಗಳು ಸೇರಿ ಕಟ್ಟಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಅಂತ ಗೊತ್ತಾದ ಮೇಲೆ ನಮ್ಮವರ ಎದೆ ಇನ್ನೂ ಎರಡಿಂಚು ಉಬ್ಬಿತು.

ಈ ಮೆಚ್ಚುಗೆಯ ಹಿಂದೆ ಒಂದು ನಂಬಿಕೆ ಇದೆ: ತಂತ್ರಜ್ಞಾನ ಯುದ್ಧವನ್ನು ಅಗ್ಗ ಮಾಡಿದೆ, ನಿಖರ ಮಾಡಿದೆ, ಇನ್ನು ಮುಂದೆ ಮಿಷನ್ನುಗಳು ಹೊಡೆದಾಡ್ತವೆ, ಮನುಷ್ಯರು ದೂರದಲ್ಲಿ ಕೂತು ಜಾಯ್‌ಸ್ಟಿಕ್ ಅಲ್ಲಾಡಿಸ್ತಾರೆ. ನನ್ನ ವಾದ ಇಷ್ಟೇ. ಇದು ಶುದ್ಧ ಸುಳ್ಳು. ಡ್ರೋನು ಅಗ್ಗವಾದದ್ದರಿಂದ ಯುದ್ಧ ಮುಗಿಸುವ ಅವಸರ ಕಡಿಮೆಯಾಗಿದೆ, ಡ್ರೋನಿನ ಜೊತೆಗೆ ಮನುಷ್ಯನೂ ಅಗ್ಗವಾಗಿದ್ದಾನೆ. ಆ ಮನುಷ್ಯ ಹೆಚ್ಚಿನ ಪಾಲು ಹಳ್ಳಿಯವನು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ಯುದ್ಧ ಶುರು ಮಾಡಿದ್ದು ಯಾರು ಅನ್ನೋದರಲ್ಲಿ ಗೊಂದಲ ಇಲ್ಲ. 2014ರಲ್ಲಿ ಕ್ರಿಮಿಯಾ ಕಿತ್ತುಕೊಂಡದ್ದು ರಷ್ಯಾ. 2022ರ ಫೆಬ್ರವರಿ 24ರಂದು ಕೀವ್ ಕಡೆಗೆ ಟ್ಯಾಂಕ್ ನುಗ್ಗಿಸಿದ್ದೂ ರಷ್ಯಾ. 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಉಕ್ರೇನ್ ಒಪ್ಪಿದಾಗ, ಅದರ ಗಡಿಯನ್ನು ಗೌರವಿಸುತ್ತೇವೆ ಅಂತ ಸಹಿ ಹಾಕಿದ ದೇಶಗಳಲ್ಲಿ ರಷ್ಯಾವೂ ಒಂದು. 'ಇಬ್ಬರದೂ ತಪ್ಪಿದೆ ಬಿಡಿ' ಅಂತ ಕಾಫಿ ಹೀರುವವರ ಜೊತೆ ನಾನಿಲ್ಲ. ಮನೆಗೆ ನುಗ್ಗಿದವನೂ ಮನೆ ಕಾಯುವವನೂ ಒಂದೇ ಅಲ್ಲ. ಡ್ರೋನ್ ಇಲ್ಲದಿದ್ದರೆ ಉಕ್ರೇನ್ ಇಷ್ಟು ದಿನ ನಿಲ್ಲೋದು ಕಷ್ಟವಿತ್ತು ಅನ್ನೋದನ್ನೂ ಒಪ್ತೀನಿ. ನನ್ನ ಜಗಳ ಉಕ್ರೇನಿನ ಸೈನಿಕನ ಜೊತೆ ಅಲ್ಲ. ಇಲ್ಲಿ ಏಸಿ ರೂಮಲ್ಲಿ ಕೂತು ಆ ಯುದ್ಧವನ್ನು ಪ್ರಾಡಕ್ಟ್ ಡೆಮೋ ಥರ ನೋಡೋ ನಮ್ಮ ಜೊತೆ.

ಆ ಡೆಮೋದಲ್ಲಿ ಕಾಣದೇ ಇರೋದು ಏನು ಅಂತ ನೋಡೋಣ.

ಎಫ್‌ಪಿವಿ ಡ್ರೋನ್ ಅಂದರೆ ಮುಂದೊಂದು ಕ್ಯಾಮೆರಾ, ಹೊಟ್ಟೆಗೊಂದು ಸ್ಫೋಟಕ. ಆಪರೇಟರ್ ಕನ್ನಡಕದಂಥ ಪರದೆ ಹಾಕಿಕೊಂಡು ಡ್ರೋನಿನ ಕಣ್ಣಿನಿಂದಲೇ ನೋಡ್ತಾ ಅದನ್ನು ಗುರಿಗೆ ಗುದ್ದಿಸ್ತಾನೆ. ಇದನ್ನು ತಡೆಯೋಕೆ ರೇಡಿಯೋ ಸಿಗ್ನಲ್ ಕೆಡಿಸುವ ಜ್ಯಾಮರ್‌ಗಳು ಬಂದವು. ಜ್ಯಾಮರನ್ನು ಸೋಲಿಸೋಕೆ ಸಿಗ್ನಲ್ಲೇ ಬೇಡದ, ಬೆನ್ನ ಹಿಂದೆ ಕೂದಲಿನಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಂಡು ಹತ್ತಿಪ್ಪತ್ತು ಕಿಲೋಮೀಟರ್ ಹಾರುವ ಡ್ರೋನ್‌ಗಳು ಬಂದವು. ನಮ್ಮ ಮನೆಗೆ ಇಂಟರ್ನೆಟ್ ತರುವ ಫೈಬರ್ ಅಲ್ಲಿ ಹೊಲದ ಮೇಲೆಲ್ಲ ಜೇಡರ ಬಲೆಯ ಹಾಗೆ ಹರಡಿ ಬಿದ್ದಿದೆ.

ಇದರ ಫಲ ಏನಾಯ್ತು? ಮನುಷ್ಯ ಯುದ್ಧಭೂಮಿಯಿಂದ ಹೊರಗೆ ಬಂದನಾ? ಇಲ್ಲ. ಆದದ್ದು ತದ್ವಿರುದ್ಧ. ಎರಡೂ ಸೈನ್ಯಗಳ ಮಧ್ಯೆ ಹತ್ತಾರು ಕಿಲೋಮೀಟರ್ ಅಗಲದ ಪಟ್ಟಿಯೊಂದು ಹುಟ್ಟಿಕೊಂಡಿದೆ. ಅಲ್ಲಿ ಹಗಲಲ್ಲಿ ಏನು ಅಲ್ಲಾಡಿದರೂ ಡ್ರೋನ್ ಬರುತ್ತೆ. ಟ್ಯಾಂಕು ತಂದರೆ ಸುಡುತ್ತೆ, ಜೀಪು ತಂದರೆ ಸುಡುತ್ತೆ. ಆದರೆ ನೆಲ ಹಿಡಿಯೋಕೆ ಕೊನೆಗೂ ಮನುಷ್ಯನೇ ಬೇಕು. ಹಾಗಾಗಿ ಅವನು ಈಗ ನಡೆದು ಹೋಗ್ತಾನೆ. ಇಬ್ಬರು ಮೂವರಾಗಿ, ಮರದ ಸಾಲಿನ ನೆರಳು ಹಿಡಿದು, ಕೆಲವು ಸಲ ಬೈಕಿನ ಮೇಲೆ. ಸಾವಿರ ಕಿಲೋಮೀಟರಿಗೂ ಉದ್ದದ ರಣರಂಗದಲ್ಲಿ ಒಂದು ಗುಂಡಿಯೊಳಗೆ ಎರಡು ಮೂರು ಜನ ವಾರಗಟ್ಟಲೆ, ಎಷ್ಟೋ ಕಡೆ ತಿಂಗಳುಗಟ್ಟಲೆ ಕೂತಿರ್ತಾರೆ. ಅನ್ನ, ನೀರು, ಬ್ಯಾಟರಿ ಡ್ರೋನಿನಿಂದಲೇ ಬೀಳಬೇಕು. 21ನೇ ಶತಮಾನದ ತಂತ್ರಜ್ಞಾನ ಮನುಷ್ಯನನ್ನು ಮೊದಲನೇ ಮಹಾಯುದ್ಧದ ಕಂದಕಕ್ಕೆ ವಾಪಸ್ ಕಳಿಸಿದೆ.

ಗಾಯವಾದರಂತೂ ಕಥೆ ಬೇರೆಯೇ. ನಮ್ಮಲ್ಲಿ ಹೈವೇ ಅಪಘಾತವಾದರೆ 'ಗೋಲ್ಡನ್ ಅವರ್' ಅಂತೀವಿ, ಮೊದಲ ಒಂದು ಗಂಟೆಯಲ್ಲಿ ಆಸ್ಪತ್ರೆ ಸೇರಿದರೆ ಜೀವ ಉಳಿಯುತ್ತೆ ಅಂತ. ಅಲ್ಲಿ ಆ ಒಂದು ಗಂಟೆ ಎಷ್ಟೋ ಜನರಿಗೆ ದಿನಗಳಾಗಿದೆ, ಯಾಕೆಂದರೆ ಆಂಬುಲೆನ್ಸ್ ಬಂದರೆ ಅದಕ್ಕೂ ಡ್ರೋನ್ ಬೀಳುತ್ತೆ. ರಕ್ತ ನಿಲ್ಲಿಸೋಕೆ ತೊಡೆಗೆ ಬಿಗಿದ ಪಟ್ಟಿಯನ್ನು ಎರಡು ಗಂಟೆಯ ಒಳಗೆ ಸಡಿಲಿಸಬೇಕು. ಹೊತ್ತು ಮೀರಿದಷ್ಟೂ ಕಾಲು ಉಳಿಯುವ ಆಸೆ ಕರಗುತ್ತೆ. ಉಳಿಸಬಹುದಾಗಿದ್ದ ಕಾಲುಗಳನ್ನು ಹೀಗೆ ಕತ್ತರಿಸಿದ್ದಾರೆ. 40 ಸಾವಿರದ ಡ್ರೋನಿನ ಲೆಕ್ಕದಲ್ಲಿ ಆ ಕಾಲಿನ ಬೆಲೆ ಯಾವ ಕಾಲಮ್ಮಿನಲ್ಲಿ ಬರುತ್ತೆ?

ಬೆಲೆ ಅಂದೆ ನೋಡಿ, ಅಲ್ಲಿ ನಿಜಕ್ಕೂ ಒಂದು ದರಪಟ್ಟಿ ಇದೆ. ಉಕ್ರೇನ್ ಸರ್ಕಾರ ತನ್ನ ಡ್ರೋನ್ ಪಡೆಗಳಿಗೆ ಪಾಯಿಂಟ್ ವ್ಯವಸ್ಥೆ ತಂದಿದೆ. ಹೊಡೆದ ವಿಡಿಯೋ ಅಪ್‌ಲೋಡ್ ಮಾಡಬೇಕು, ಪರಿಶೀಲನೆ ಆಗುತ್ತೆ, ಪಾಯಿಂಟ್ ಜಮಾ ಆಗುತ್ತೆ. ಆ ಪಾಯಿಂಟ್ ಕೊಟ್ಟು ಬ್ರೇವ್‌ಒನ್ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಹೊಸ ಡ್ರೋನ್ ತರಿಸಿಕೊಳ್ಳಬಹುದು. 2025ರಲ್ಲಿ ಹೊರಬಿದ್ದ ವರದಿಗಳ ಪ್ರಕಾರ ಟ್ಯಾಂಕ್ ನಾಶಕ್ಕೆ 40 ಪಾಯಿಂಟ್, ಒಬ್ಬ ಸೈನಿಕನಿಗೆ 6. ಸೈನಿಕನಿಗೆ ಮೊದಲು 2 ಇತ್ತು, ಆಮೇಲೆ 6ಕ್ಕೆ ಏರಿಸಿದರು. ಯುದ್ಧ ಮಾಡುವ ದೇಶದ ದೃಷ್ಟಿಯಿಂದ ಇದು ಜಾಣತನವೇ. ಚೆನ್ನಾಗಿ ಕೆಲಸ ಮಾಡುವ ಪಡೆಗೆ ಸಾಮಾನು ಬೇಗ ಸಿಗುತ್ತೆ, ಕಾಗದಪತ್ರದ ರಗಳೆ ತಪ್ಪುತ್ತೆ. ಆದರೆ ನಮಗಾದರೂ ಆ ವ್ಯವಸ್ಥೆ ನೋಡಿ ಮೈ ಜುಮ್ ಅನ್ನಬೇಕಿತ್ತು. ಪಾಯಿಂಟು, ಬ್ಯಾಡ್ಜು, ಲೀಡರ್‌ಬೋರ್ಡು ಎಲ್ಲ ನಮ್ಮ ಕಸುಬಿನ ಸಾಮಾನು. ಊಟ ತರಿಸೋ ಆ್ಯಪಿಗೂ ಇಂಗ್ಲಿಷ್ ಕಲಿಸೋ ಆ್ಯಪಿಗೂ ಅದನ್ನು ಕೂಡಿಸಿದವರು ನಮ್ಮಂಥವರೇ. ಮನುಷ್ಯನ ಗಮನ ಎಲ್ಲಿ ಬೇಕೋ ಅಲ್ಲಿಗೆ ತಿರುಗಿಸೋಕೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ ಅಂತ ನಮಗೆ ಗೊತ್ತು. ಪಾಯಿಂಟ್ 2 ಇದ್ದದ್ದು 6 ಆದಾಗ ಆಪರೇಟರ್‌ನ ಕಣ್ಣು ಟ್ಯಾಂಕಿನಿಂದ ಮನುಷ್ಯನ ಕಡೆ ಹೊರಳುತ್ತೆ. ಹೊರಳಲಿ ಅಂತಲೇ ಏರಿಸಿದ್ದು.

ನಿಖರತೆಯ ಮಾತಿಗೆ ಬರೋಣ. 'ಹಿಂದಿನ ಥರ ಊರಿಗೆ ಊರೇ ಸುಡೋದಿಲ್ಲ, ಗುರಿ ನೋಡಿ ಹೊಡೀತಾರೆ, ಅಮಾಯಕರು ಉಳೀತಾರೆ' ಅನ್ನೋ ವಾದ. ಉತ್ತರ ಖೆರ್ಸಾನ್‌ನಲ್ಲಿದೆ. ದಕ್ಷಿಣ ಉಕ್ರೇನಿನ ಈ ನಗರವನ್ನು ರಷ್ಯಾ 2022ರ ನವೆಂಬರಿನಲ್ಲಿ ಬಿಟ್ಟು, ನೀಪರ್ ನದಿಯ ಆಚೆ ದಡಕ್ಕೆ ಸರಿಯಿತು. ಆ ದಡದಿಂದ ಹಾರಿ ಬರುವ ಡ್ರೋನ್‌ಗಳು ಈ ದಡದಲ್ಲಿ ಸೈಕಲ್ ಮೇಲೆ ಹೋಗುವವರನ್ನು, ಬಸ್ಸಿಗೆ ಕಾಯುವವರನ್ನು, ಆಂಬುಲೆನ್ಸುಗಳನ್ನು ಅಟ್ಟಿಸಿಕೊಂಡು ಹೊಡೀತಿವೆ. ಊರವರು ಇದಕ್ಕೆ ಇಟ್ಟ ಹೆಸರು 'ಮನುಷ್ಯರ ಸಫಾರಿ'. ಸುಮಾರು 150 ನಾಗರಿಕರು ಹೀಗೆ ಸತ್ತ ಮೇಲೆ, 2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದು ಮಾನವತೆಯ ವಿರುದ್ಧದ ಅಪರಾಧ ಅಂತ ಹೇಳಿತು. ಆ ವರ್ಷ ಜನವರಿಯಲ್ಲಿ ಉಕ್ರೇನಿನಲ್ಲಿ ಸತ್ತ ನಾಗರಿಕರ ಪೈಕಿ ಶೇ. 27, ಗಾಯಗೊಂಡವರ ಪೈಕಿ ಶೇ. 30 ಮಂದಿ ಕಡಿಮೆ ದೂರ ಹಾರುವ ಡ್ರೋನಿಗೆ ಸಿಕ್ಕವರು. ಬೇರೆ ಯಾವ ಆಯುಧವೂ ಆ ತಿಂಗಳು ಅಷ್ಟು ಜನರನ್ನು ಕೆಡವಿರಲಿಲ್ಲ.

ಫಿರಂಗಿ ಹೊಡೆಯುವವನು 'ನನಗೆ ಕಾಣಲಿಲ್ಲ' ಅನ್ನಬಹುದು. ಡ್ರೋನಿನವನಿಗೆ ಆ ನೆಪ ಇಲ್ಲ. ಕೈಚೀಲ ಹಿಡಿದ ಅಜ್ಜಿ ಅಂತ ಅವನಿಗೆ ಪರದೆಯ ಮೇಲೆ ಕಾಣ್ತಿದೆ. ಕಂಡೂ ಹೊಡೀತಾನೆ. ಕ್ಯಾಮೆರಾ ಎಷ್ಟು ಸ್ಪಷ್ಟವಾಗಿದ್ದರೂ ಅದು ಕರುಣೆ ಕಲಿಸೋದಿಲ್ಲ ಸ್ವಾಮಿ.

ಈಗ ಎಲ್ಲಕ್ಕಿಂತ ಅಗ್ಗದ ಸಾಮಾನಿಗೆ ಬರ್ತೀನಿ. ಸೈನಿಕ.

2022ರ ಸೆಪ್ಟೆಂಬರ್ 21ರಂದು ಪುಟಿನ್ 3 ಲಕ್ಷ ಜನರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆದರು. ಆಗ ಏನಾಯ್ತು? ಲಕ್ಷಾಂತರ ಜನ ದೇಶ ಬಿಟ್ಟು ಓಡಿದರು. ಅವರಲ್ಲಿ ನಮ್ಮಂಥ ಸಾಫ್ಟ್‌ವೇರಿನವರು ಬಹಳ ಜನ. ಯುದ್ಧದ ಬಿಸಿ ಮಾಸ್ಕೋದ ಫ್ಲ್ಯಾಟುಗಳಿಗೆ ತಟ್ಟಿದರೆ ಕಷ್ಟ ಅಂತ ಸರ್ಕಾರಕ್ಕೆ ಅರ್ಥವಾಯ್ತು. ಅಂಥ ಕರೆ ಮತ್ತೆ ಕೊಡಲಿಲ್ಲ. ಬದಲಿಗೆ ದುಡ್ಡು ಸುರಿದರು. 2024ರ ಜುಲೈನಲ್ಲಿ ಮಾಸ್ಕೋ ನಗರ ಸಹಿ ಹಾಕಿದವನಿಗೆ 19 ಲಕ್ಷ ರೂಬಲ್ ಕೈಗಿಡ್ತೀವಿ ಅಂತ ಘೋಷಿಸಿತು. ಮೊದಲ ವರ್ಷದ ಒಟ್ಟು ಗಳಿಕೆ 52 ಲಕ್ಷ ರೂಬಲ್‌ವರೆಗೆ. ರೂಬಲ್ಲಿಗೂ ನಮ್ಮ ರೂಪಾಯಿಗೂ ಆಗ ದೊಡ್ಡ ವ್ಯತ್ಯಾಸ ಇರಲಿಲ್ಲ, ಹಾಗಾಗಿ ಲೆಕ್ಕ ನಿಮಗೇ ಗೊತ್ತಾಗುತ್ತೆ. ಸತ್ತರೆ ಮನೆಯವರಿಗೆ ಪರಿಹಾರ ಬೇರೆ. ರಷ್ಯಾದ ಅರ್ಥಶಾಸ್ತ್ರಜ್ಞ ವ್ಲಾಡಿಸ್ಲಾವ್ ಇನೊಜೆಮ್ತ್ಸೆವ್ ಇದಕ್ಕೆ 'ಸಾವಿನ ಅರ್ಥಶಾಸ್ತ್ರ' ಅಂತ ಹೆಸರಿಟ್ಟರು. ಬಡ ಪ್ರಾಂತ್ಯದ ಒಬ್ಬ ಗಂಡಸು ಬದುಕಿದ್ದು ದುಡಿದು ತರುವುದಕ್ಕಿಂತ ಯುದ್ಧದಲ್ಲಿ ಸತ್ತು ಮನೆಗೆ ತರುವ ದುಡ್ಡು ಜಾಸ್ತಿ ಆಗುತ್ತೆ ಅನ್ನೋ ಲೆಕ್ಕ ಅದು.

ಈ ಲೆಕ್ಕ ಯಾರ ಮನೆಯಲ್ಲಿ ಕೂಡುತ್ತೆ? ಸಾಲ ಇರುವ ಮನೆಯಲ್ಲಿ. ಬಿಬಿಸಿಯ ರಷ್ಯನ್ ವಿಭಾಗ ಮತ್ತು ಮೀಡಿಯಾಜೋನಾ ಪತ್ರಕರ್ತರು ಶ್ರದ್ಧಾಂಜಲಿ ಪ್ರಕಟಣೆ, ಸಮಾಧಿ ಕಲ್ಲುಗಳನ್ನು ನೋಡಿ ಸತ್ತ ರಷ್ಯನ್ ಸೈನಿಕರ ಹೆಸರು ಒಂದೊಂದಾಗಿ ಸೇರಿಸ್ತಾ ಬಂದಿದ್ದಾರೆ. 2025ರಲ್ಲಿ ಆ ಪಟ್ಟಿ 1 ಲಕ್ಷ ದಾಟಿತು. ಅದೂ ಹೆಸರು ಖಚಿತವಾದವರು ಮಾತ್ರ. ಅದರಲ್ಲಿ ಹೆಚ್ಚಿನವರು ಹಳ್ಳಿ ಮತ್ತು ಸಣ್ಣ ಪಟ್ಟಣಗಳವರು. ಜನಸಂಖ್ಯೆಗೆ ಹೋಲಿಸಿದರೆ ತುವಾ, ಬುರ್ಯಾತಿಯಾದಂಥ ಬಡ ಪ್ರಾಂತ್ಯಗಳ ಪಾಲು ದೊಡ್ಡದು, ಮಾಸ್ಕೋದ ಪಾಲು ತೀರಾ ಸಣ್ಣದು. ಇನ್ನು ಬಖ್ಮುತ್. ಯುದ್ಧಕ್ಕೆ ಮೊದಲು 70 ಸಾವಿರ ಜನರಿದ್ದ ಊರು. ಅದನ್ನು ಹಿಡಿಯೋಕೆ ವ್ಯಾಗ್ನರ್ ಪಡೆ ಜೈಲುಗಳಿಂದ ಕೈದಿಗಳನ್ನು ಕರೆತಂದು ಅಲೆ ಅಲೆಯಾಗಿ ನುಗ್ಗಿಸಿತು. ತನ್ನ ಕಡೆ ಸುಮಾರು 20 ಸಾವಿರ ಜನ ಸತ್ತರು, ಅದರಲ್ಲಿ ಅರ್ಧದಷ್ಟು ಕೈದಿಗಳು ಅಂತ ಪಡೆಯ ಮುಖ್ಯಸ್ಥ ಪ್ರಿಗೋಜಿನ್ 2023ರ ಮೇನಲ್ಲಿ ತಾನೇ ಹೇಳಿದ. ಗೆದ್ದದ್ದು ಕಲ್ಲುಮಣ್ಣಿನ ಗುಡ್ಡೆ.

ಉಕ್ರೇನಿನ ಸ್ಥಿತಿ ಬೇರೆ. ಅವರದು ಉಳಿವಿನ ಪ್ರಶ್ನೆ. ಸೋತರೆ ಏನಾಗುತ್ತೆ ಅಂತ 2022ರಲ್ಲೇ ಬುಚಾದ ಬೀದಿ ಹೆಣಗಳು ತೋರಿಸಿದ್ದವು. ಆದರೂ ಅಲ್ಲಿಯೂ ಜನ ಮುಗೀತಿದ್ದಾರೆ. ಕಂದಕದಲ್ಲಿರುವವರ ಸರಾಸರಿ ವಯಸ್ಸು 40ರ ಮೇಲಿದೆ. ಕಡ್ಡಾಯ ಸೇರ್ಪಡೆಯ ಕನಿಷ್ಠ ವಯಸ್ಸನ್ನು 2024ರ ಏಪ್ರಿಲಿನಲ್ಲಿ 27ರಿಂದ 25ಕ್ಕೆ ಇಳಿಸಿದರು. ಬೀದಿಯಲ್ಲಿ ಹೋಗುವವನನ್ನು ಹಿಡಿದು ವ್ಯಾನಿಗೆ ತುಂಬುವ ವಿಡಿಯೋಗಳು ಅಲ್ಲಿನವರೇ ತೆಗೆದದ್ದು. ತಮ್ಮ 46 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದಾರೆ, ಸುಮಾರು 3.8 ಲಕ್ಷ ಜನ ಗಾಯಗೊಂಡಿದ್ದಾರೆ ಅಂತ ಝೆಲೆನ್‌ಸ್ಕಿ 2025ರ ಫೆಬ್ರವರಿಯಲ್ಲಿ ಹೇಳಿದರು. ಪತ್ತೆಯಾಗದವರು ಇನ್ನೂ ಹತ್ತಾರು ಸಾವಿರ.

ಈ ಅಗ್ಗದ ಮನುಷ್ಯನ ಹುಡುಕಾಟ ನಮ್ಮ ಕಲಬುರಗಿಯವರೆಗೂ ಬಂತು ಅನ್ನೋದನ್ನು ಮರೆಯಬೇಡಿ. ಯೂಟ್ಯೂಬ್ ನೋಡಿ, ಏಜೆಂಟರ ಮಾತು ನಂಬಿ, ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ ಅಂತ ರಷ್ಯಾಕ್ಕೆ ಹೋದ ಭಾರತದ ಹುಡುಗರ ಕೈಗೆ ಬಂದೂಕು ಕೊಟ್ಟು ಮುಂದೆ ನಿಲ್ಲಿಸಿದರು. ಅವರಲ್ಲಿ ಕಲಬುರಗಿ ಜಿಲ್ಲೆಯ ಹುಡುಗರೂ ಇದ್ದರು. 2024ರ ಮಾರ್ಚಿನಲ್ಲಿ ಸಿಬಿಐ ಏಜೆಂಟರ ಮೇಲೆ ಕೇಸು ಹಾಕಿತು, ಜುಲೈನಲ್ಲಿ ಪ್ರಧಾನಿಯೇ ಮಾಸ್ಕೋದಲ್ಲಿ ಈ ವಿಷಯ ಎತ್ತಬೇಕಾಯ್ತು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ ಹೀಗಿತ್ತು: ಒಟ್ಟು 126 ಜನ, ವಾಪಸ್ ಬಂದವರು 96, ಸತ್ತವರು 12, ಉಳಿದ 18 ಜನರಲ್ಲಿ 16 ಮಂದಿ ಎಲ್ಲಿದ್ದಾರೆ ಗೊತ್ತಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಆ ಹುಡುಗರು ಹೇಗೆ ಹೋದರು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟಿರುತ್ತೆ, ತಂಗಿ ಮದುವೆ ಇರುತ್ತೆ, ಸೊಸೈಟಿ ಸಾಲ ಇರುತ್ತೆ. ಡಿಗ್ರಿ ಇದ್ದರೂ ಕೆಲಸ ಇರಲ್ಲ. ಅಷ್ಟರಲ್ಲಿ ಒಬ್ಬ ಏಜೆಂಟ್ 'ತಿಂಗಳಿಗೆ ಲಕ್ಷ, ಆಮೇಲೆ ಪಾಸ್‌ಪೋರ್ಟೂ ಕೊಡ್ತಾರೆ' ಅಂತಾನೆ. ನಮ್ಮಂಥವರಿಗೂ ಆ ಹುಡುಗನಿಗೂ ನಡುವೆ ಇದ್ದದ್ದು ಬುದ್ಧಿಯ ವ್ಯತ್ಯಾಸ ಅಂತ ಯಾರೂ ತಿಳಿಯೋದು ಬೇಡ. ಒಂದು ಸಿಇಟಿ ರ‍್ಯಾಂಕು, ಒಂದು ಕ್ಯಾಂಪಸ್ ಇಂಟರ್ವ್ಯೂ, ಅಷ್ಟೇ. ತುವಾದ ಹುಡುಗನದೂ ಇದೇ ಕಥೆ. ಅವನ ಊರಲ್ಲಿ ಏಜೆಂಟ್ ಸರ್ಕಾರವೇ.

ಇಷ್ಟೆಲ್ಲ ಆದರೂ ಯುದ್ಧ ಯಾಕೆ ನಿಲ್ಲೋದಿಲ್ಲ? ನಿಲ್ಲಿಸುವ ಶಕ್ತಿ ಇರುವವರಿಗೆಲ್ಲ ಅದರ ಬೆಲೆ ಸಹಿಸುವಷ್ಟೇ ಇದೆ, ಅದಕ್ಕೆ. ಮಾಸ್ಕೋದ ಮಧ್ಯಮ ವರ್ಗದ ಮಗ ಕಂದಕದಲ್ಲಿಲ್ಲ, ಆದ್ದರಿಂದ ಪುಟಿನ್‌ಗೆ ಅವಸರವಿಲ್ಲ. ಪಶ್ಚಿಮದ ದೇಶಗಳು ಉಕ್ರೇನಿಗೆ ಸೋಲದಷ್ಟು ಆಯುಧ ಕೊಟ್ಟವು, ಗೆಲ್ಲುವಷ್ಟು ಕೊಡಲು ಹಿಂದೆಮುಂದೆ ನೋಡಿದವು. ಜೊತೆಗೆ ಯುರೋಪು ಭಾಷಣ ಮಾಡ್ತಲೇ ರಷ್ಯಾದ ದ್ರವೀಕೃತ ಅನಿಲ ಕೊಳ್ಳೋದನ್ನು ಮುಂದುವರಿಸಿತು. 2025ರ ಏಪ್ರಿಲಿನಲ್ಲಿ ಅಮೆರಿಕ ಉಕ್ರೇನಿನ ಜೊತೆ ಮಾಡಿಕೊಂಡದ್ದು ಖನಿಜದ ಒಪ್ಪಂದ. ನಾವು? ಯುದ್ಧಕ್ಕೆ ಮೊದಲು ನಮ್ಮ ಕಚ್ಚಾ ತೈಲದ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ 2ಕ್ಕಿಂತ ಕಡಿಮೆ ಇತ್ತು. ರಿಯಾಯಿತಿ ಸಿಕ್ಕಿತು, ಮೂರನೇ ಒಂದು ಭಾಗ ದಾಟಿತು. ಬಡ ದೇಶ ಎಣ್ಣೆ ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತೆ, ಅದಕ್ಕೆ ಅದರದೇ ಕಾರಣ ಇದೆ. ಆದರೆ 'ನಮಗೂ ಈ ಯುದ್ಧಕ್ಕೂ ಸಂಬಂಧ ಇಲ್ಲ' ಅನ್ನೋ ಮಾತನ್ನಾದರೂ ಬಿಡಬೇಕು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಬೆಕ್ಕುಗಳು ಬಹಳ, ಎಲ್ಲವೂ ಒಂದೇ ಇಲಿಯ ಸುತ್ತ ಕೂತಿವೆ.

'ಹಾಗಾದರೆ ಉಕ್ರೇನ್ ಶರಣಾಗಬೇಕಾ? ಡ್ರೋನ್ ಬಿಟ್ಟು ಕೋಲು ಹಿಡೀಬೇಕಾ?' ಅಂತ ಕೇಳ್ತೀರಿ. ಬೇಡ. ನುಗ್ಗಿದವನು ವಾಪಸ್ ಹೋಗಬೇಕು, ಅದು ಮೊದಲ ನ್ಯಾಯ. ಅವರ ಕೈಯಲ್ಲಿ ಡ್ರೋನ್ ಇರೋದು ಅನಿವಾರ್ಯ. ಆದರೆ ಅವರ ಅನಿವಾರ್ಯ ನಮಗೆ ಯಾಕೆ ಮನರಂಜನೆ ಆಗಬೇಕು?

ಮನರಂಜನೆಗಿಂತ ಮುಂದಿನ ಅಪಾಯವೂ ಇದೆ. 2025ರ ಮೇ 7ರಿಂದ 10ರವರೆಗೆ ನಮ್ಮದೇ ಗಡಿಯಲ್ಲಿ ಡ್ರೋನ್‌ಗಳು ಹಾರಿದ್ದನ್ನು ನೋಡಿದ್ದೀವಿ. ಆ ನಾಲ್ಕು ದಿನ ಟಿವಿ ಸ್ಟುಡಿಯೋಗಳು ಹೇಗೆ ಕುಣಿದವು ಅಂತಲೂ ನೋಡಿದ್ದೀವಿ. ಡ್ರೋನ್ ಸ್ಟಾರ್ಟಪ್ಪುಗಳಲ್ಲಿ ಈಗ ನಮ್ಮ ಜೊತೆ ಓದಿದವರೇ ಇದ್ದಾರೆ. ದೇಶಕ್ಕೆ ರಕ್ಷಣೆ ಬೇಕು, ಅದನ್ನು ಕಟ್ಟುವ ಎಂಜಿನಿಯರೂ ಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಯುದ್ಧ ಅಗ್ಗ ಅಂತ ಒಂದು ದೇಶ ನಂಬಿಬಿಟ್ಟರೆ ಯುದ್ಧಕ್ಕೆ ಇಳಿಯೋದು ಸಲೀಸಾಗುತ್ತೆ, ಹೊರಬರೋದು ಮಾತ್ರ ಸಲೀಸಲ್ಲ. ರಷ್ಯಾ ಕೆಲವೇ ದಿನಗಳಲ್ಲಿ ಕೀವ್ ಹಿಡೀತೀನಿ ಅಂತ ಹೊರಟಿತ್ತು.

ಹಾಗಾಗಿ ಮುಂದಿನ ಸಲ ಯಾರಾದರೂ ಡ್ರೋನ್ ವಿಡಿಯೋ ಕಳಿಸಿ ಆರ್‌ಒಐ ಅಂದರೆ ಮೂರು ಪ್ರಶ್ನೆ ಕೇಳಿ. ಆ ವಿಡಿಯೋ ನಿಂತ ಮೇಲೆ ಅಲ್ಲಿ ಬಿದ್ದವನನ್ನು ಎತ್ತೋಕೆ ಯಾರಾದರೂ ಬಂದರಾ? ಅವನನ್ನು ಅಲ್ಲಿಗೆ ಕಳಿಸಿದವನ ಮಗ ಎಲ್ಲಿದ್ದಾನೆ? ಈ ಯುದ್ಧ ಇನ್ನೊಂದು ವರ್ಷ ನಡೆದರೆ ದುಡ್ಡು ಯಾರಿಗೆ ಬರುತ್ತೆ? ಉತ್ತರ ಕಷ್ಟದ್ದೇನಲ್ಲ. ಕೇಳಿದರೆ ಗ್ರೂಪಿನಲ್ಲಿ ಮಜಾ ಕೆಡುತ್ತೆ, ನಿಮ್ಮನ್ನು ನಾಲ್ಕು ದಿನ 'ಜ್ಞಾನಿ' ಅಂತ ಆಡಿಕೊಳ್ತಾರೆ. ಆಡಿಕೊಳ್ಳಲಿ.

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸತ್ತ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯನ್ನು ನೆನಪಿಸಿಕೊಳ್ಳಿ. ಅವನು ಯಾರ ಪಕ್ಷದವನೂ ಆಗಿರಲಿಲ್ಲ. ಡಾಕ್ಟರಾಗಿ ವಾಪಸ್ ಬರೋಕೆ ಹೋಗಿದ್ದ. ಅವನ ದೇಹ ಊರು ತಲುಪೋಕೆ ಮೂರು ವಾರ ಹಿಡೀತು. ಆ ಶೆಲ್ಲಿನ ಬೆಲೆ ಎಷ್ಟಿತ್ತು ಅಂತ ಆ ಊರಲ್ಲಿ ಯಾರೂ ಕೇಳಿರಲಿಕ್ಕಿಲ್ಲ.